ವ್ಯಾಪಾರಿಗಳ ಸಂಘವೊಂದು ರೈತನ ಹೊಲಕ್ಕೆ ಹೋದ ಕತೆ

ಮೊನ್ನೆ ಏಳನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಶಾಲೆಯ ಹತ್ತಿರದ ಪೇಟೆಗೆ ಹೋಗಿದ್ದೆವು. ಅಂಚೆ ಕಚೇರಿ, ಸಹಕಾರಿ ಬ್ಯಾಂಕು, ಕೃಷಿ ಭವನ ಇವನ್ನೆಲ್ಲ ಪುಸ್ತಕದಲ್ಲಿ ಓದಿದರೆ ಸಾಲದು, ಕಣ್ಣಾರೆ ನೋಡಬೇಕು ಎಂದು ವರ್ಷಕ್ಕೊಮ್ಮೆ ಹೀಗೆ ಹೊರಡುವುದು ನಮ್ಮ ಹಳೆಯ ಅಭ್ಯಾಸ. ಬಸ್ ನಿಲ್ದಾಣದ ಪಕ್ಕದ ಕಟ್ಟಡದ ಎದುರು ಹುಡುಗನೊಬ್ಬ ನಿಂತುಬಿಟ್ಟ. ಅಲ್ಲಿ ಮಲಯಾಳದಲ್ಲಿ ಬರೆದ ದೊಡ್ಡ ಬೋರ್ಡು: ಕೇರಳ ವ್ಯಾಪಾರಿ ವ್ಯವಸಾಯಿ ಏಕೋಪನ ಸಮಿತಿ. ಕಾಸರಗೋಡಿನ ಕಡೆ ಯಾವ ಪೇಟೆಗೆ ಹೋದರೂ ಈ ಹೆಸರು ಕಣ್ಣಿಗೆ ಬೀಳುತ್ತದೆ. ಅವನು ಅಕ್ಷರ ಕೂಡಿಸಿಕೊಂಡು ಓದಿ, "ಮಾಷ್ಟ್ರೇ, ಅಂಗಡಿಯವರೂ ಬೇಸಾಯ ಮಾಡುವವರೂ ಒಂದೇ ಸಂಘದಲ್ಲಿ ಇದ್ದಾರಾ?" ಎಂದು ಕೇಳಿದ.

ನಮಗೆ ನಗು ಬಂತು. ಮಲಯಾಳದಲ್ಲಿ ವ್ಯವಸಾಯ ಎಂದರೆ ಕೈಗಾರಿಕೆ, ಉದ್ಯಮ. ನಮ್ಮ ಕನ್ನಡದಲ್ಲಿ ಅದು ಬೇಸಾಯ. ಗಡಿಯ ಮಕ್ಕಳಿಗೆ ಇಂತಹ ಶಬ್ದಗಳು ದಿನವೂ ಎದುರಾಗುತ್ತವೆ. ಹಾಗಲ್ಲಪ್ಪಾ, ಅದು ವ್ಯಾಪಾರಿಗಳ ಮತ್ತು ಉದ್ಯಮದವರ ಸಂಘ ಎಂದು ತಿಳಿಸಿ ಹೇಳಿದೆವು. ಅವನು ಬಿಡಲಿಲ್ಲ. "ಒಟ್ಟಿಗೆ ಇದ್ದರೆ ಒಳ್ಳೆಯದಿತ್ತಲ್ಲ ಮಾಷ್ಟ್ರೇ, ಅಡಿಕೆ ಮಾರಿದ ಹಣದಲ್ಲೇ ಅಲ್ವಾ ಎಲ್ಲರೂ ಅಂಗಡಿಗೆ ಹೋಗುವುದು?" ಎಂದ.

ಈ ಮಾತಿಗೆ ನಾವು ನಗಲಿಲ್ಲ. ಏಕೆಂದರೆ ಸುಮಾರು ನೂರಹದಿನೈದು ವರ್ಷಗಳ ಹಿಂದೆ ಅಮೆರಿಕದ ಒಂದು ಕೌಂಟಿಯ ವ್ಯಾಪಾರಿಗಳು ಇದೇ ಯೋಚನೆ ಮಾಡಿದ್ದರು. ಮಾಡಿ ಸುಮ್ಮನಿರಲಿಲ್ಲ, ಕೈಯಿಂದ ಹಣ ಹಾಕಿದ್ದರು. ಅದರ ಫಲ ಹರಿದು ಬಂದು ಇವತ್ತು ನಮ್ಮ ಪಂಚಾಯತಿನ ಕೃಷಿ ಭವನದವರೆಗೂ ಮುಟ್ಟಿದೆ. ಆ ಕತೆಯನ್ನು ಮಕ್ಕಳಿಗೆ ಹೇಳಿದಂತೆಯೇ ಇಲ್ಲಿ ಬರೆಯುತ್ತಿದ್ದೇವೆ.

ವಾಣಿಜ್ಯ ಮಂಡಳಿ ಎಂದರೇನು?

ಮೊದಲು ಈ ಚೇಂಬರ್ ಆಫ್ ಕಾಮರ್ಸ್ ಎಂಬುದನ್ನು ತಿಳಿದುಕೊಳ್ಳೋಣ. ಕನ್ನಡದಲ್ಲಿ ವಾಣಿಜ್ಯ ಮಂಡಳಿ ಎನ್ನುತ್ತೇವೆ. ಒಂದು ಊರಿನ ವ್ಯಾಪಾರಿಗಳು, ಕಾರ್ಖಾನೆಯವರು, ಬ್ಯಾಂಕಿನವರು ಚಂದಾ ಕೊಟ್ಟು ಸೇರಿಕೊಂಡು, ಒಬ್ಬೊಬ್ಬರಿಂದ ಆಗದ ಕೆಲಸವನ್ನು ಒಟ್ಟಾಗಿ ಮಾಡಿಸಿಕೊಳ್ಳುವ ಸಂಘ ಇದು. ರೈಲು ಸಾಗಾಟದ ದರ ಇಳಿಸಿ ಎಂದು ಕೇಳುವುದು, ರಸ್ತೆ ದುರಸ್ತಿ ಮಾಡಿಸುವುದು, ತೆರಿಗೆಯ ವಿಷಯದಲ್ಲಿ ಸರಕಾರದೊಡನೆ ಮಾತಾಡುವುದು, ವ್ಯಾಪಾರಿಗಳ ನಡುವಿನ ತಕರಾರನ್ನು ಕೋರ್ಟಿಗೆ ಹೋಗದೆ ತೀರಿಸುವುದು ಇವೇ ಅದರ ಹಳೆಯ ಕೆಲಸಗಳು. ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ 1599ರಲ್ಲೇ ಇಂತಹ ಮಂಡಳಿ ಇತ್ತು. ನ್ಯೂಯಾರ್ಕಿನಲ್ಲಿ 1768ರಲ್ಲಿ ಹುಟ್ಟಿತು. ನಮ್ಮ ದೇಶದಲ್ಲಿ ಕಲ್ಕತ್ತೆಗೆ 1834ರಲ್ಲಿ, ಮದರಾಸು ಮತ್ತು ಬೊಂಬಾಯಿಗೆ 1836ರಲ್ಲಿ ಬಂತು. ಬೆಂಗಳೂರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಆರಂಭವಾಯಿತು.

ಇವೆಲ್ಲ ಬಂದರುಗಳ, ದೊಡ್ಡ ನಗರಗಳ ಮಾತು. ಸುತ್ತ ಹತ್ತಿಪ್ಪತ್ತು ಮೈಲು ಹೊಲಗದ್ದೆಗಳೇ ಇರುವ ಕಡೆ, ನಡುವೆ ಒಂದು ಪೇಟೆ ಇದ್ದರೆ ಅಲ್ಲಿಯ ವ್ಯಾಪಾರಿಗಳ ಸಂಘ ಏನು ಮಾಡಬೇಕು? ಅಲ್ಲಿ ಹೊರಗಿನಿಂದ ಬರುವ ಗಿರಾಕಿ ಇಲ್ಲ. ರೈತನ ಕೈಯಲ್ಲಿ ಹಣ ಓಡಾಡಿದರೆ ಅಂಗಡಿ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ಈ ಸಣ್ಣ ಸಂಗತಿಯನ್ನು ಅಮೆರಿಕದ ಪೇಟೆಗಳಿಗೆ ಕಲಿಸಿದ್ದು ಒಂದು ಹುಳು.

ಹುಳು ಕಲಿಸಿದ ಪಾಠ

ಅಮೆರಿಕದ ಟೆಕ್ಸಾಸ್ ರಾಜ್ಯ ಹತ್ತಿಯ ಸೀಮೆ. 1892ರ ಹೊತ್ತಿಗೆ ಮೆಕ್ಸಿಕೋ ಕಡೆಯಿಂದ ಗಡಿ ದಾಟಿ ಒಂದು ಮೂತಿ ಹುಳು ಅಲ್ಲಿಗೆ ಬಂತು. ನಮ್ಮ ತೆಂಗಿನ ಮರವನ್ನು ಕೊಲ್ಲುವ ಕೆಂಪು ಮೂತಿ ಹುಳುವಿನ ದೂರದ ನೆಂಟ ಎಂದುಕೊಳ್ಳಿ. ಇದು ಹತ್ತಿಯ ಮೊಗ್ಗಿಗೂ ಕಾಯಿಗೂ ತೂತು ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಮೊಗ್ಗು ಉದುರುತ್ತದೆ, ಕಾಯಿ ಹಾಳಾಗುತ್ತದೆ. ಹತ್ತು ವರ್ಷಗಳಲ್ಲಿ ಅದು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು. ಹತ್ತಿ ಹೋದಾಗ ರೈತನ ಹಿಂದೆಯೇ ಅವನಿಗೆ ಸಾಲ ಕೊಟ್ಟ ಅಂಗಡಿಯವನೂ ಬ್ಯಾಂಕಿನವನೂ ಮುಳುಗುವ ಸ್ಥಿತಿ ಬಂತು.

1903ರಲ್ಲಿ ಸೀಮನ್ ನ್ಯಾಪ್ ಎಂಬ ಎಪ್ಪತ್ತರ ಅಂಚಿನ ಮುದುಕರೊಬ್ಬರು ಟೆಕ್ಸಾಸಿನ ಟೆರೆಲ್ ಎಂಬ ಪೇಟೆಗೆ ಬಂದರು. ಅವರು ಅಮೆರಿಕ ಸರಕಾರದ ಕೃಷಿ ಇಲಾಖೆಯವರು. ಸರಕಾರವೇ ಮಾದರಿ ತೋಟ ಮಾಡಿ ತೋರಿಸಿದರೆ ರೈತ ನಂಬುವುದಿಲ್ಲ ಎಂಬುದು ಅವರ ಅನುಭವ. ಸರಕಾರಕ್ಕೇನು, ಹಣ ಇದೆ, ಮಾಡುತ್ತಾರೆ ಎಂದು ಹೇಳಿ ಮನೆಗೆ ಹೋಗುತ್ತಾನೆ. ಅದೇ ಊರಿನ ಒಬ್ಬ ರೈತ ತನ್ನ ನೆಲದಲ್ಲಿ, ತನ್ನ ಕೈಯಾರೆ, ತನ್ನ ಖರ್ಚಿನಲ್ಲಿ ಮಾಡಿ ನೋಡಬೇಕು ಎಂದು ನ್ಯಾಪ್ ಹೇಳುತ್ತಿದ್ದರು. ತರಗತಿಯಲ್ಲಿ ಲೆಕ್ಕ ಹೇಳಿಕೊಡುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕರಿಹಲಗೆಯಲ್ಲಿ ನಾವು ನೂರು ಲೆಕ್ಕ ಬಿಡಿಸಿದರೂ ಮಗು ತಾನೇ ಒಂದು ಲೆಕ್ಕ ಬಿಡಿಸುವವರೆಗೆ ಅದಕ್ಕೆ ಧೈರ್ಯ ಬರುವುದಿಲ್ಲ.

ಆದರೆ ಹೊಸ ರೀತಿಯಲ್ಲಿ ಬಿತ್ತಿ ನಷ್ಟವಾದರೆ? ರೈತನ ಈ ಹೆದರಿಕೆಗೆ ಟೆರೆಲ್ ಪೇಟೆಯವರು ಉತ್ತರ ಕೊಟ್ಟರು. ಅವರು ಸೇರಿ ಸುಮಾರು ಒಂದು ಸಾವಿರ ಡಾಲರಿನ ನಿಧಿ ಮಾಡಿ, ನಷ್ಟವಾದರೆ ನಾವು ತುಂಬಿಕೊಡುತ್ತೇವೆ ಎಂದರು. ವಾಲ್ಟರ್ ಪೋರ್ಟರ್ ಎಂಬ ರೈತ ಒಪ್ಪಿಕೊಂಡು ಸುಮಾರು 70 ಎಕರೆಯಲ್ಲಿ ನ್ಯಾಪ್ ಹೇಳಿದಂತೆ ಮಾಡಿದ. ಒಳ್ಳೆಯ ಬೀಜ, ಹದವಾದ ಉಳುಮೆ, ಸಾಲುಗಳ ನಡುವೆ ಅಂತರ, ಮತ್ತೆ ಮತ್ತೆ ಎಡೆ ಹೊಡೆಯುವುದು, ಬೇಗ ಕೊಯ್ಲಿಗೆ ಬರುವ ಬೆಳೆ. ದೊಡ್ಡ ಮಾಯಾಜಾಲ ಏನೂ ಇಲ್ಲ. ವರ್ಷದ ಕೊನೆಯಲ್ಲಿ ಹಳೆಯ ರೀತಿಗಿಂತ 700 ಡಾಲರು ಹೆಚ್ಚು ಬಂತು ಎಂದು ಅವನೇ ಲೆಕ್ಕ ಹೇಳಿದ. ನಿಧಿಯ ಹಣವನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ.

ಮೂರು ವರ್ಷ ಕಳೆದು ಅದೇ ರಾಜ್ಯದ ಸ್ಮಿತ್ ಕೌಂಟಿಯ ಟೈಲರ್ ಪೇಟೆಯ ವ್ಯಾಪಾರಿಗಳು ಒಂದು ಹೆಜ್ಜೆ ಮುಂದೆ ಹೋದರು. ಕೌಂಟಿ ಎಂದರೆ ನಮ್ಮ ತಾಲೂಕಿಗೂ ಜಿಲ್ಲೆಗೂ ನಡುವಿನ ಒಂದು ಆಡಳಿತ ವಿಭಾಗ ಎಂದುಕೊಳ್ಳಬಹುದು. ಆಗ ನ್ಯಾಪ್ ಅವರ ಒಬ್ಬೊಬ್ಬ ಸಹಾಯಕ ಹಲವಾರು ಕೌಂಟಿಗಳನ್ನು ಸುತ್ತಬೇಕಾಗಿತ್ತು. ರೈತ ಒಮ್ಮೆ ಕಂಡವನನ್ನು ಮತ್ತೆ ಕಾಣುವಾಗ ಬೆಳೆಯೇ ಮುಗಿದಿರುತ್ತಿತ್ತು. ನಮ್ಮ ಕೌಂಟಿಗೇ ಒಬ್ಬ ಬೇಕು, ಅವನ ಸಂಬಳಕ್ಕೆ ನಾವೂ ಹಣ ಕೂಡಿಸುತ್ತೇವೆ ಎಂದು ಟೈಲರಿನವರು ಮುಂದೆ ಬಂದರು. 1906ರ ನವೆಂಬರ್ 12ರಂದು ಡಬ್ಲ್ಯು. ಸಿ. ಸ್ಟಾಲಿಂಗ್ಸ್ ಎಂಬವರು ಅಲ್ಲಿ ನೇಮಕಗೊಂಡರು. ಒಂದೇ ಕೌಂಟಿಗಾಗಿ ದುಡಿದ ಮೊದಲ ಕೃಷಿ ಸಲಹೆಗಾರ ಎಂದು ಚರಿತ್ರೆಯಲ್ಲಿ ಅವರ ಹೆಸರಿದೆ.

ಇಲ್ಲಿ ಇನ್ನೊಂದು ವಿಷಯವನ್ನೂ ಹೇಳಬೇಕು. ಅಮೆರಿಕದ ದಕ್ಷಿಣದ ಈ ಪೇಟೆಗಳ ವ್ಯಾಪಾರಿ ಸಂಘಗಳು ಬಿಳಿಯರ ಸಂಘಗಳು. ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕರಿಯ ರೈತರಿಗೆ ಅಲ್ಲಿ ಜಾಗ ಇರಲಿಲ್ಲ. ಅವರಿಗಾಗಿ ಅಲಬಾಮಾದ ಟಸ್ಕೆಗೀ ವಿದ್ಯಾಲಯದವರು ಬೇರೆ ದಾರಿ ಹುಡುಕಿದರು. ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರ ಯೋಜನೆಯಂತೆ ಸಲಕರಣೆ, ಬೀಜಗಳನ್ನು ತುಂಬಿಕೊಂಡ ಒಂದು ಗಾಡಿ ಹಳ್ಳಿ ಹಳ್ಳಿಗೆ ಹೋಗತೊಡಗಿತು. ಆ ಗಾಡಿಯ ಕೆಲಸಕ್ಕೆ ಅದೇ 1906ರ ನವೆಂಬರ್‌ನಲ್ಲಿ ನೇಮಕಗೊಂಡವರು ಥಾಮಸ್ ಕ್ಯಾಂಪ್‌ಬೆಲ್. ಒಂದು ಸಂಘ ಊರಿಗೆ ಉಪಕಾರ ಮಾಡಿತು ಎನ್ನುವಾಗ ಊರು ಎಂದರೆ ಯಾರು ಯಾರು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಬಿಂಗ್‌ಹ್ಯಾಂಟನ್ ಎಂಬ ಗಡಿಪೇಟೆ

ಈಗ ನಮ್ಮ ಕತೆಯ ಮುಖ್ಯ ಊರಿಗೆ ಬರೋಣ. ಟೆಕ್ಸಾಸಿನಿಂದ ಬಹಳ ದೂರ, ಅಮೆರಿಕದ ಈಶಾನ್ಯದಲ್ಲಿ ನ್ಯೂಯಾರ್ಕ್ ರಾಜ್ಯ. ನ್ಯೂಯಾರ್ಕ್ ಎಂದ ಕೂಡಲೇ ನಮ್ಮ ಕಣ್ಣಿಗೆ ಗಗನಚುಂಬಿ ಕಟ್ಟಡಗಳು ಬರುತ್ತವೆ. ಆದರೆ ರಾಜ್ಯದ ಒಳಗೆ ಹೋದರೆ ಗುಡ್ಡಗಳು, ಹುಲ್ಲುಗಾವಲು, ಹಾಲು ಕರೆಯುವ ರೈತರು. ಆ ರಾಜ್ಯದ ದಕ್ಷಿಣದ ಗಡಿಯಲ್ಲಿ, ಪೆನ್ಸಿಲ್ವೇನಿಯಾ ರಾಜ್ಯಕ್ಕೆ ತಾಗಿಕೊಂಡು ಬ್ರೂಮ್ ಕೌಂಟಿ ಇದೆ. ಅದರ ಮುಖ್ಯ ಪೇಟೆ ಬಿಂಗ್‌ಹ್ಯಾಂಟನ್. ಎರಡು ಹೊಳೆಗಳು ಕೂಡುವ ಜಾಗ. 1910ರಲ್ಲಿ ಸುಮಾರು 48 ಸಾವಿರ ಜನ ಇದ್ದರು. ಚುರುಟು ಸುತ್ತುವ ಕೆಲಸಕ್ಕೆ ಹೆಸರಾದ ಊರು, ಪಕ್ಕದಲ್ಲೇ ದೊಡ್ಡ ಬೂಟು ಕಾರ್ಖಾನೆಗಳು. ಹೊರಗಿನಿಂದ ನೋಡಿದರೆ ಪೇಟೆ ಚೆನ್ನಾಗಿಯೇ ಇತ್ತು.

ಪೇಟೆಯ ಹೊರಗೆ ಮಾತ್ರ ಬೇರೆ ಕತೆ. ಗುಡ್ಡಗಳ ಮೇಲಿನ ಹೊಲಗಳನ್ನು ಬಿಟ್ಟು ಜನ ಹೊರಟುಹೋಗುತ್ತಿದ್ದರು. ಪಶ್ಚಿಮದ ರಾಜ್ಯಗಳ ಸಪಾಟು ಫಲವತ್ತಾದ ನೆಲದಲ್ಲಿ ಬೆಳೆದ ಧಾನ್ಯ ರೈಲಿನಲ್ಲಿ ಅಗ್ಗವಾಗಿ ಬಂದು ಬೀಳುತ್ತಿತ್ತು. ಗುಡ್ಡದ ಮಣ್ಣು ಹುಳಿ ಮಣ್ಣು. ಅದಕ್ಕೆ ಸುಣ್ಣ ಹಾಕದಿದ್ದರೆ ದನಗಳಿಗೆ ಬೇಕಾದ ಮೇವಿನ ಬೆಳೆಯೂ ಸರಿಯಾಗಿ ಬಾರದು. ನಮ್ಮ ತೋಟಗಳಿಗೂ ಸುಣ್ಣ ಹಾಕಬೇಕು ಎನ್ನುವುದು ನೆನಪಾಗುತ್ತದೆ ಅಲ್ಲವೇ? ಮಕ್ಕಳು ಕಾರ್ಖಾನೆಗೆ ಹೋದರು, ಮುದುಕರು ಉಳಿದರು, ಆಮೇಲೆ ಮನೆಗಳಿಗೆ ಬೀಗ ಬಿತ್ತು.

ಇದರಿಂದ ಮೊದಲು ಚಿಂತೆಗೆ ಬಿದ್ದವರಲ್ಲಿ ರೈಲಿನವರೂ ಇದ್ದರು. ಆ ದಾರಿಯಲ್ಲಿ ಓಡುತ್ತಿದ್ದ ಡೆಲವೇರ್, ಲಾಕವಾನಾ ಅಂಡ್ ವೆಸ್ಟರ್ನ್ ರೈಲ್ವೆ ಕಂಪೆನಿಗೆ ಹೊಲಗಳು ಬೀಳು ಬಿದ್ದರೆ ಸಾಗಿಸಲು ಸರಕೇ ಇಲ್ಲ. ಅದೇ ಸಮಯದಲ್ಲಿ ಬಿಂಗ್‌ಹ್ಯಾಂಟನ್ ವಾಣಿಜ್ಯ ಮಂಡಳಿಯ ಕಾರ್ಯದರ್ಶಿ ಬೈಯರ್ಸ್ ಗಿಚೆಲ್ ಅವರಿಗೆ ಇನ್ನೊಂದು ಯೋಚನೆ ಬಂದಿತ್ತು. ವ್ಯಾಪಾರಿಗಳು ಒಟ್ಟು ಸೇರಿ ಪಡೆಯುವ ಸವಲತ್ತನ್ನು ರೈತರಿಗೂ ಯಾಕೆ ವಿಸ್ತರಿಸಬಾರದು? 1910ರಲ್ಲಿ ಗಿಚೆಲ್ ಅವರೂ ರೈಲ್ವೆಯ ಅಧಿಕಾರಿ ಜಾರ್ಜ್ ಕಲೆನ್ ಅವರೂ ಸೇರಿ ಮಾತು ಮುಂದುವರಿಸಿದರು. ಸರಕಾರದ ಕೃಷಿ ಇಲಾಖೆಯ ಡಬ್ಲ್ಯು. ಜೆ. ಸ್ಪಿಲ್‌ಮನ್ ಎಂಬ ವಿಜ್ಞಾನಿಯ ಸಲಹೆ ಕೇಳಿದರು. ದಕ್ಷಿಣದಲ್ಲಿ ಹತ್ತಿಗೆ ಆದ ಕೆಲಸವನ್ನು ಇಲ್ಲಿ ಇಡೀ ಬೇಸಾಯಕ್ಕೆ ಮಾಡೋಣ, ಕೌಂಟಿಗೆ ಒಬ್ಬ ತಿಳಿದವನನ್ನು ಇಡೋಣ ಎಂದು ತೀರ್ಮಾನವಾಯಿತು. ವಾಣಿಜ್ಯ ಮಂಡಳಿ, ರೈಲ್ವೆ ಮತ್ತು ಕೃಷಿ ಇಲಾಖೆ ಮೂವರೂ ಖರ್ಚು ಹಂಚಿಕೊಂಡರು.

ಮಂಡಳಿಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಬ್ಯೂರೋ, ಅಂದರೆ ವಿಭಾಗ ಇತ್ತು. ಆದ್ದರಿಂದ ಇದಕ್ಕೆ ಫಾರ್ಮ್ ಬ್ಯೂರೋ ಎಂದು ಹೆಸರಿಟ್ಟರು. ಇಂದು ಅಮೆರಿಕದ ಉದ್ದಗಲಕ್ಕೂ ಇರುವ ರೈತರ ಬಹುದೊಡ್ಡ ಸಂಘಟನೆಗೆ ಫಾರ್ಮ್ ಬ್ಯೂರೋ ಎಂಬ ಹೆಸರು ಬಂದದ್ದು ಹೀಗೆ. ವ್ಯಾಪಾರಿಗಳ ಆಫೀಸಿನ ಒಂದು ಕೋಣೆಯ ಹೆಸರು ಅದು!

1911ರ ಮಾರ್ಚ್ 20ರಂದು ಜಾನ್ ಬ್ಯಾರನ್ ಎಂಬ ತರುಣ ಕೆಲಸಕ್ಕೆ ಸೇರಿದರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೃಷಿ ಓದಿದವರು. ಕುದುರೆ ಗಾಡಿಯಲ್ಲಿ ಮನೆ ಮನೆಗೆ ಹೋಗಿ ರೈತರನ್ನು ಕಾಣುವುದು ಅವರ ಕೆಲಸ. ಅವರು ಕೆಲಸಕ್ಕೆ ಸೇರಿ ಎರಡು ವಾರ ತುಂಬುವ ಮೊದಲೇ, ಏಪ್ರಿಲ್ 1ರಂದು, ಈ ದಾರಿಯನ್ನು ತೋರಿಸಿಕೊಟ್ಟ ಸೀಮನ್ ನ್ಯಾಪ್ ತೀರಿಕೊಂಡರು.

ರೈತರ ಸಂಶಯ

ಮಕ್ಕಳಿಗೆ ಈ ಭಾಗ ಹೇಳುವಾಗ ನಾವು ಒಂದು ಪ್ರಶ್ನೆ ಕೇಳಿದೆವು. ಪೇಟೆಯ ಅಂಗಡಿಯವರೂ ರೈಲಿನವರೂ ಹಣ ಕೊಟ್ಟು ಒಬ್ಬನನ್ನು ನಿಮ್ಮ ತೋಟಕ್ಕೆ ಕಳಿಸಿದರೆ ನಿಮ್ಮ ಅಜ್ಜ ಏನು ಹೇಳುತ್ತಿದ್ದರು? ಒಬ್ಬಳು ಹುಡುಗಿ ತಕ್ಷಣ, "ಇವರಿಗೆ ನಮ್ಮ ಮೇಲೆ ಯಾಕೆ ಇಷ್ಟು ಪ್ರೀತಿ ಅಂತ ಕೇಳುತ್ತಿದ್ದರು" ಎಂದಳು.

ಬ್ರೂಮ್ ಕೌಂಟಿಯಲ್ಲೂ ಆದದ್ದು ಅದೇ. ಸರಕನ್ನು ಕೊಳ್ಳುವವನೂ ಸಾಗಿಸುವವನೂ ಬಂದು ಹೆಚ್ಚು ಬೆಳೆ ತೆಗೆಯಿರಿ ಎಂದರೆ ರೈತನಿಗೆ ಸಂಶಯ ಬರುವುದು ಸಹಜ. ಬೆಳೆ ಹೆಚ್ಚಾದರೆ ಬೆಲೆ ಇಳಿದು ಲಾಭ ಅವರಿಗೇ ಹೋಗಬಹುದಲ್ಲ? ಅದೂ ಅಲ್ಲದೆ ಪೇಟೆಯವರ ಆಫೀಸಿನಿಂದ ಬಂದವನು ನಮಗೆ ಬೇಸಾಯ ಕಲಿಸುವುದೇ ಎಂಬ ಅಭಿಮಾನ. ಈ ಸಂಶಯ ಸುಳ್ಳು ಎಂದು ನಾವು ಹೇಳುವುದಿಲ್ಲ. ಮಂಡಳಿಯವರು ಧರ್ಮಕ್ಕಾಗಿ ಹಣ ಹಾಕಿದವರಲ್ಲ. ತಮ್ಮ ವ್ಯಾಪಾರ ಉಳಿಯಬೇಕೆಂದೇ ಹಾಕಿದರು.

ಅವರ ದೊಡ್ಡತನ ಕಾಣುವುದು ಮುಂದಿನ ಹೆಜ್ಜೆಯಲ್ಲಿ. ಈ ಕೆಲಸ ತಮ್ಮ ಆಫೀಸಿನಲ್ಲೇ ಇದ್ದರೆ ರೈತರು ತಮ್ಮದೆಂದು ಭಾವಿಸುವುದಿಲ್ಲ ಎಂದು ತಿಳಿದಾಗ ಅದನ್ನು ಹಿಡಿದಿಟ್ಟುಕೊಳ್ಳಲಿಲ್ಲ. ಕೌಂಟಿಯ ಆಡಳಿತವೂ ಹಣ ಕೊಡತೊಡಗಿತು. 1913ರಲ್ಲಿ ರೈತರೇ ಚಂದಾ ಕೊಟ್ಟು ಸದಸ್ಯರಾಗುವ ಪ್ರತ್ಯೇಕ ಸಂಘವಾಗಿ ಫಾರ್ಮ್ ಬ್ಯೂರೋ ಮಂಡಳಿಯಿಂದ ಹೊರಗೆ ಬಂತು. ಎರಡೂವರೆ ವರ್ಷ ಸಾಕಿ, ನಡೆಯಲು ಬಂದ ಮೇಲೆ ಬಿಟ್ಟುಕೊಟ್ಟರು ಎನ್ನಬಹುದು. ತಾವು ಆರಂಭಿಸಿದ್ದನ್ನು ಬೇರೆಯವರ ಕೈಗೆ ಕೊಡುವುದು ಸಂಘಗಳಿಗೆ ಎಷ್ಟು ಕಷ್ಟ ಎಂಬುದು ಶಾಲೆಯ ರಕ್ಷಕ ಶಿಕ್ಷಕ ಸಂಘದಲ್ಲಿ ವರ್ಷಗಟ್ಟಲೆ ಕುಳಿತ ನಮಗೆ ಗೊತ್ತು.

ಕ್ಯಾಟಲಾಗು ಸುಟ್ಟವರು

ಎಲ್ಲ ಪೇಟೆಗಳೂ ಹೀಗೆ ಯೋಚಿಸಲಿಲ್ಲ. ಆ ಕಾಲದಲ್ಲಿ ಅಮೆರಿಕದ ಹಳ್ಳಿ ಪೇಟೆಯ ಅಂಗಡಿಗಳಿಗೆ ಇನ್ನೊಂದು ದೊಡ್ಡ ಪೆಟ್ಟು ಬಿದ್ದಿತ್ತು. 1896ರಿಂದ ಹಳ್ಳಿ ಮನೆಗಳಿಗೇ ಟಪಾಲು ಬರತೊಡಗಿತು. 1913ರ ಜನವರಿ 1ರಿಂದ ಪಾರ್ಸೆಲ್ ಕೂಡ ಬರತೊಡಗಿತು. ಶಿಕಾಗೋದ ಸಿಯರ್ಸ್ ರೋಬಕ್‌ನಂತಹ ಕಂಪೆನಿಗಳು ದಪ್ಪ ಕ್ಯಾಟಲಾಗನ್ನು ಮನೆಗೆ ಕಳಿಸಿ, ಸೂಜಿಯಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಅಂಚೆಯಲ್ಲೇ ಮಾರುತ್ತಿದ್ದವು. ಬೆಲೆಯೂ ಕಡಿಮೆ. ಇಂದು ಮೊಬೈಲಿನಲ್ಲಿ ಒತ್ತಿ ತರಿಸಿಕೊಳ್ಳುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ.

ಪೇಟೆಯ ಸಂಘಗಳು ಊರಿನಲ್ಲೇ ಕೊಳ್ಳಿ ಎಂದು ಪ್ರಚಾರ ಮಾಡಿದವು. ಪಾರ್ಸೆಲ್ ಸೌಲಭ್ಯ ಕೊಡಬೇಡಿ ಎಂದು ಸರಕಾರವನ್ನು ಒತ್ತಾಯಿಸಿದವು. ಕೆಲವು ಊರುಗಳಲ್ಲಿ ಕ್ಯಾಟಲಾಗುಗಳನ್ನು ರಾಶಿ ಹಾಕಿ ಸುಟ್ಟದ್ದೂ ಉಂಟು. ಅಷ್ಟಾದರೂ ಕ್ಯಾಟಲಾಗು ನಿಲ್ಲಲಿಲ್ಲ. ಕೈಯಲ್ಲಿ ಹಣ ಕಡಿಮೆ ಇರುವ ರೈತ ಅಗ್ಗದ ಕಡೆ ಹೋಗುತ್ತಾನೆ, ಅವನನ್ನು ಬೈದು ಪ್ರಯೋಜನ ಇಲ್ಲ.

ಕೆಲವು ಪೇಟೆಗಳು ಜಾಣತನದಿಂದ ಬೇರೆ ಉಪಾಯ ಮಾಡಿದವು. ಹಳ್ಳಿಯಿಂದ ಗಾಡಿಯಲ್ಲಿ ಬರುವ ಹೆಂಗಸರು ಮಕ್ಕಳಿಗೆ ಪೇಟೆಯಲ್ಲಿ ಕುಳಿತುಕೊಳ್ಳಲು, ಮಗುವಿಗೆ ಹಾಲು ಕುಡಿಸಲು, ಶೌಚಕ್ಕೆ ಹೋಗಲು ಜಾಗ ಇರಲಿಲ್ಲ. ವ್ಯಾಪಾರಿಗಳೂ ಮಹಿಳಾ ಸಂಘದವರೂ ಸೇರಿ ಅವರಿಗಾಗಿ ವಿಶ್ರಾಂತಿ ಕೋಣೆಗಳನ್ನು ಮಾಡಿದರು. ಅಂಚೆಯಲ್ಲಿ ಬರುವ ಕ್ಯಾಟಲಾಗು ಇದನ್ನು ಕೊಡಲಾರದು. ನಮ್ಮ ಎಷ್ಟು ಪೇಟೆಗಳಲ್ಲಿ ಇಂದಿಗೂ ಹೆಂಗಸರು ಮಧ್ಯಾಹ್ನದವರೆಗೆ ತಡೆದುಕೊಂಡು ಬಸ್ಸಿಗೆ ಕಾಯುತ್ತಾರೆ ಎಂಬುದನ್ನು ನಾವು ಬರೆಯಬೇಕಾಗಿಲ್ಲ.

ಇನ್ನೊಂದು ತಮಾಷೆ ಕೇಳಿ. ಸಿಯರ್ಸ್ ಕಂಪೆನಿಯ ಮುಖ್ಯಸ್ಥ ಜೂಲಿಯಸ್ ರೋಸನ್‌ವಾಲ್ಡ್ 1912ರಲ್ಲಿ ಒಂದು ಘೋಷಣೆ ಮಾಡಿದರು. ಕೃಷಿ ಸಲಹೆಗಾರನನ್ನು ನೇಮಿಸಿಕೊಳ್ಳುವ ಮೊದಲ 100 ಕೌಂಟಿಗಳಿಗೆ ತಲಾ ಸಾವಿರ ಡಾಲರು. ಪೇಟೆಯ ಅಂಗಡಿಯವನೂ, ಅವನ ವ್ಯಾಪಾರ ಕಸಿಯುತ್ತಿದ್ದ ದೊಡ್ಡ ಕಂಪೆನಿಯೂ ಒಂದೇ ತೀರ್ಮಾನಕ್ಕೆ ಬಂದಿದ್ದರು: ರೈತ ಚೆನ್ನಾಗಿದ್ದರೆ ನಾವು ಚೆನ್ನಾಗಿರುತ್ತೇವೆ.

ಅಲ್ಲಿಂದ ನಮ್ಮ ಕೃಷಿ ಭವನಕ್ಕೆ

1914ರ ಮೇ 8ರಂದು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಮಿತ್-ಲೀವರ್ ಕಾಯಿದೆಗೆ ಸಹಿ ಹಾಕಿದರು. ಕೇಂದ್ರ ಸರಕಾರ, ರಾಜ್ಯ ಮತ್ತು ಊರಿನವರು ಖರ್ಚು ಹಂಚಿಕೊಂಡು, ಕೃಷಿ ಕಾಲೇಜುಗಳ ಮೂಲಕ ಹಳ್ಳಿಗೆ ತಿಳಿವಳಿಕೆ ಮುಟ್ಟಿಸುವ ಏರ್ಪಾಡು ಅದು. ದಕ್ಷಿಣದ ರಾಜ್ಯಗಳಲ್ಲಿ ಆ ಹಣ ಬಿಳಿಯರ ಕಾಲೇಜುಗಳ ಕೈಗೆ ಹೋಗಿ ಕರಿಯ ರೈತರಿಗೆ ದಕ್ಕಿದ್ದು ಅತ್ಯಲ್ಪ ಎಂಬುದನ್ನೂ ಜೊತೆಗೆ ನೆನಪಿಡಬೇಕು. ಆದರೂ ಕೌಂಟಿಗೊಬ್ಬ ಸಲಹೆಗಾರ ಎಂಬ ಪೇಟೆಯವರ ಕಲ್ಪನೆ ಹೀಗೆ ದೇಶದ ಕಾನೂನಾಯಿತು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮಲ್ಲಿ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಅದಕ್ಕೆ ಅಮೆರಿಕದ ನೆರವೂ ಇತ್ತು. ಮರುವರ್ಷ ಅದೇ ದಿನ ರಾಷ್ಟ್ರೀಯ ವಿಸ್ತರಣಾ ಸೇವೆ ಬಂತು. ಹಳೆಯ ತಲೆಮಾರಿನವರಿಗೆ ನೆನಪಿರುವ ಗ್ರಾಮಸೇವಕರು ಬಂದದ್ದು ಹೀಗೆ. ಕೇರಳದಲ್ಲಿ 1987ರಿಂದ ಪಂಚಾಯತಿಗೊಂದರಂತೆ ಕೃಷಿ ಭವನಗಳು ತೆರೆದವು. ನಮ್ಮ ಮಕ್ಕಳು ಅಂದು ನೋಡಿದ ಕೃಷಿ ಭವನದ ಅಧಿಕಾರಿಯ ಮೇಜಿಗೂ ಬಿಂಗ್‌ಹ್ಯಾಂಟನ್ ವ್ಯಾಪಾರಿಗಳ ಆಫೀಸಿನ ಆ ಕೋಣೆಗೂ ಹೀಗೊಂದು ನಂಟು.

ನಮ್ಮ ಅಡಿಕೆಯ ಕತೆ

ಹಾಗಾದರೆ ನಮ್ಮ ಕಡೆ? ಕಾಸರಗೋಡು 1956ರ ಅಕ್ಟೋಬರ್ ಕೊನೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನವೆಂಬರ್ 1ರಂದು ಕೇರಳಕ್ಕೆ ಸೇರಿತು. ತೋಟ ಒಂದು ರಾಜ್ಯದಲ್ಲಿ, ಅಡಿಕೆ ಮಾರುವ ಮಂಗಳೂರಿನ ಮಂಡಿ ಇನ್ನೊಂದು ರಾಜ್ಯದಲ್ಲಿ. ಬೆಳೆಯುವ ವಿದ್ಯೆಗೆ ನಮಗೆ ಕೊರತೆ ಇರಲಿಲ್ಲ. ಕಾಸರಗೋಡಿನಲ್ಲಿ 1916ರಿಂದಲೇ ತೆಂಗಿನ ಸಂಶೋಧನಾ ಕೇಂದ್ರ ಇದೆ. ಅಡಿಕೆಯ ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಅಧ್ಯಯನ ಮಾಡಿದ್ದು ಅದಕ್ಕೂ ಮೊದಲು. ಮಳೆಗಾಲದಲ್ಲಿ ಮೈಲುತುತ್ತು ಸುಣ್ಣ ಕೂಡಿಸಿ ಮದ್ದು ಬಿಡುವುದು ಇಂದು ಇಲ್ಲಿಯ ಮಕ್ಕಳಿಗೂ ಗೊತ್ತು.

ನಮಗೆ ಇಲ್ಲದಿದ್ದದ್ದು ಮಾರುಕಟ್ಟೆಯ ಮೇಲೆ ಹಿಡಿತ. 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಕುಸಿದಾಗ ಬೆಳೆಗಾರ ಕಂಗೆಟ್ಟ. ನಮ್ಮಲ್ಲಿ ವ್ಯಾಪಾರಿಗಳು ರೈತನ ಹೊಲಕ್ಕೆ ಬರಲಿಲ್ಲ, ರೈತರೇ ಮಾರುಕಟ್ಟೆಗೆ ಇಳಿದರು. 1973ರ ಜುಲೈ 11ರಂದು ಎರಡೂ ರಾಜ್ಯಗಳ ಬೆಳೆಗಾರರ ಸಹಕಾರಿ ಸಂಸ್ಥೆಯಾಗಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಗಡಿ ಎಳೆದು ಹದಿನೇಳು ವರ್ಷಗಳ ಮೇಲೆ, ಆ ಗೆರೆಯ ಎರಡೂ ಬದಿಯವರು ಒಂದೇ ಸಂಸ್ಥೆಯ ಸದಸ್ಯರಾದರು. ಕೊಳ್ಳಲು ಬೆಳೆಗಾರರ ಸಂಸ್ಥೆಯೇ ಮಂಡಿಯಲ್ಲಿ ನಿಂತಾಗ ಉಳಿದವರೂ ಅದರ ಬೆಲೆಯನ್ನು ನೋಡಿಯೇ ಬೆಲೆ ಹೇಳಬೇಕಾಯಿತು.

ಅಡಿಕೆ ತೋಟದ ನಡುವೆ ಕೊಕ್ಕೋ ಬೆಳೆಸಿ ಎಂದು ಪ್ರೋತ್ಸಾಹ ಸಿಕ್ಕಿ ಎಲ್ಲರೂ ಬೆಳೆಸಿದ ಮೇಲೆ, ಅದರ ಬೆಲೆಯೂ ಬಿತ್ತು. ಆಗಲೂ ಕ್ಯಾಂಪ್ಕೊ ಕೊಕ್ಕೋ ಕೊಳ್ಳಲು ಮುಂದೆ ಬಂತು. ಕೊಂಡದ್ದನ್ನು ಏನು ಮಾಡುವುದು? 1986ರ ಸೆಪ್ಟೆಂಬರ್ 1ರಂದು ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ಆರಂಭವಾಯಿತು. ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅವರು ಉದ್ಘಾಟಿಸಿದರು. ನಮ್ಮ ತೋಟದ ಕೊಕ್ಕೋ ನಮ್ಮ ಪೇಟೆಯ ಅಂಗಡಿಗೆ ಚಾಕಲೇಟಾಗಿ ಮರಳಿ ಬಂತು.

ಬಿಂಗ್‌ಹ್ಯಾಂಟನಿನಲ್ಲಿ ಪೇಟೆ ಹೊಲದ ಕಡೆಗೆ ಕೈ ಚಾಚಿತು. ಇಲ್ಲಿ ಹೊಲ ಪೇಟೆಯ ಕಡೆಗೆ ಚಾಚಿತು. ಎರಡರಲ್ಲೂ ಅರ್ಥ ಒಂದೇ. ನಮ್ಮ ಹುಡುಗ ಬೋರ್ಡನ್ನು ತಪ್ಪಾಗಿ ಓದಿ ಸರಿಯಾದ ಮಾತನ್ನೇ ಹೇಳಿದ್ದ.

ಕೊನೆಗೆ ಒಂದು ಮಾತು

ಇದನ್ನೆಲ್ಲ ಬರೆಯಲು ನಮಗೆ ಒಂದು ಸ್ವಂತದ ಕಾರಣ ಇದೆ. ನಮ್ಮ ಶಾಲೆಯ ಹತ್ತಿರ ಒಂದು ಅಂಗಡಿ ಇತ್ತು. ಅಕ್ಕಿ, ಬೆಲ್ಲ, ಸೀಮೆಎಣ್ಣೆಯ ಜೊತೆಗೆ ಪುಸ್ತಕ, ಪೆನ್ಸಿಲು. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವಾಗ ಹೆಚ್ಚಿನ ಮನೆಗಳಲ್ಲಿ ಕೈಯಲ್ಲಿ ಹಣ ಇರುವುದಿಲ್ಲ. ಆ ಅಂಗಡಿಯವರು ಮಕ್ಕಳಿಗೆ ಬೇಕಾದ ಪುಸ್ತಕ ಕೊಟ್ಟು ಕಡ ಬರೆದುಕೊಳ್ಳುತ್ತಿದ್ದರು. ಅಡಿಕೆ ಮಾರಿದ ಮೇಲೆ ಹಣ. ಪುಸ್ತಕ ಇಲ್ಲ ಎಂಬ ಕಾರಣಕ್ಕೆ ನಮ್ಮ ಮಕ್ಕಳು ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ತೋಟಗಳಿಗೆ ರೋಗ ಹಿಡಿದು, ಕೆಲವು ಮನೆಗಳು ಊರು ಬಿಟ್ಟ ಮೇಲೆ ಕಡದ ಪುಸ್ತಕದಲ್ಲಿ ವಸೂಲಾಗದ ಹಾಳೆಗಳು ಹೆಚ್ಚಾದವು. ಕಳೆದ ವರ್ಷ ಅಂಗಡಿಗೆ ಬೀಗ ಬಿತ್ತು. ಊರು ಬಿಟ್ಟ ಮನೆಗಳ ಮಕ್ಕಳ ಹೆಸರು ನಮ್ಮ ಹಾಜರಿ ಪುಸ್ತಕದಿಂದಲೂ ಹೋಯಿತು. ಗಡಿಯಲ್ಲಿ ಕನ್ನಡ ಶಾಲೆ ಉಳಿಯಬೇಕು ಎಂದು ನಾವು ಭಾಷಣ ಕೇಳುತ್ತಲೇ ಇರುತ್ತೇವೆ. ತೋಟ, ಅಂಗಡಿ, ಶಾಲೆ ಮೂರೂ ಒಂದೇ ಹಗ್ಗದಲ್ಲಿ ಕಟ್ಟಿದವು ಎಂದು ಆ ಎರಡು ಪುಸ್ತಕಗಳನ್ನು ನೋಡಿದವರಿಗೆ ತಿಳಿಯುತ್ತದೆ.

ಪೇಟೆಯ ಸಂಘದವರು ಬೀದಿ ದೀಪ, ಚರಂಡಿ, ತೆರಿಗೆ ಇವುಗಳಿಗಾಗಿ ಓಡಾಡುತ್ತಾರೆ. ಅದು ಬೇಕು. ಅದರ ಜೊತೆಗೆ ವರ್ಷಕ್ಕೊಮ್ಮೆ ಕೃಷಿ ಭವನದವರನ್ನೂ ಸುತ್ತಲಿನ ಬೆಳೆಗಾರರನ್ನೂ ತಮ್ಮದೇ ಸಭಾಭವನಕ್ಕೆ ಕರೆದು, ಈ ವರ್ಷ ತೋಟಗಳ ಸ್ಥಿತಿ ಹೇಗಿದೆ ಎಂದು ಕೇಳಿದರೆ ಎಷ್ಟು ಚೆನ್ನ. ದೊಡ್ಡ ಖರ್ಚಿನ ಕೆಲಸ ಅಲ್ಲ, ನೂರು ಕುರ್ಚಿ ಮತ್ತು ಒಂದು ಚಹಾ ಸಾಕು.

ಆ ಹುಡುಗ ಮರುದಿನ ತನ್ನ ನೋಟು ಪುಸ್ತಕದಲ್ಲಿ ಎರಡು ವಾಕ್ಯ ಬರೆದು ತಂದಿದ್ದ. ಮಲಯಾಳದಲ್ಲಿ ವ್ಯವಸಾಯಿ ಎಂದರೆ ಉದ್ಯಮದವನು. ಕನ್ನಡದಲ್ಲಿ ವ್ಯವಸಾಯಿ ಎಂದರೆ ರೈತ. ಎರಡೂ ಸರಿ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕೊಟ್ಟೆವು.